ಕಲ್ಲಿದ್ದಲು ಸ್ಥಾವರಕ್ಕೆ ಕರಗಿದ ಉಪ್ಪಿನಿಂದ ಏನು ಉಪಯೋಗ?

ಕಾಯಿಸಿ ಕರಗಿಸಿದ ಈ ಉಪ್ಪು ಶಾಖವನ್ನು ಕೂಡಿಡುತ್ತದೆ. ಹಾಗಾಗಿ ಬಾಯ್ಲರ್ ಉರಿಯನ್ನು ತೀರಾ ಇಳಿಸದೆಯೇ ವಿದ್ಯುತ್ ಉತ್ಪಾದನೆಯನ್ನು ತಗ್ಗಿಸಬಹುದು. ಅದೇ ದೊಡ್ಡ ಉಪಯೋಗ.

ಪಾವಗಡದಂಥ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ಗಳು ಮಧ್ಯಾಹ್ನ ಜೋರಾಗಿ ಕರೆಂಟ್ ಕೊಡುವಾಗ ಕಲ್ಲಿದ್ದಲು ಘಟಕಗಳು ತಗ್ಗಬೇಕು. ಆದರೆ ಬಾಯ್ಲರ್ ಗ್ಯಾಸ್ ಒಲೆಯಲ್ಲ, ಅಲ್ವಾ? ಉರಿ ತೀರಾ ಕಡಿಮೆಯಾದರೆ ಜ್ವಾಲೆ ನಿಲ್ಲುವುದಿಲ್ಲ, ಎಣ್ಣೆ ಸುರಿಯಬೇಕಾಗುತ್ತದೆ. ಪದೇ ಪದೇ ಬಿಸಿಯಾಗಿ ಆರಿದರೆ ದಪ್ಪ ಲೋಹದ ಭಾಗಗಳು ಬಿರುಕು ಬಿಡುತ್ತವೆ.

ಉಪ್ಪು ಇದ್ದರೆ ಉರಿಯನ್ನು ಹದವಾಗಿಯೇ ಇಟ್ಟು, ಹೆಚ್ಚಾದ ಹಬೆಯ ಶಾಖವನ್ನು ಟರ್ಬೈನ್‌ಗೆ ಕಳಿಸದೆ ಉಪ್ಪಿಗೆ ಕೊಡಬಹುದು. ಸಂಜೆ ಬೇಡಿಕೆ ಏರಿದಾಗ ಅದೇ ಶಾಖದಿಂದ ಹಬೆ ಮಾಡಿ ಟರ್ಬೈನ್ ತಿರುಗಿಸುತ್ತಾರೆ.

ಇದು ಅಡುಗೆ ಉಪ್ಪಲ್ಲ. ಸಾಮಾನ್ಯವಾಗಿ 60% ಸೋಡಿಯಂ ನೈಟ್ರೇಟ್, 40% ಪೊಟ್ಯಾಸಿಯಂ ನೈಟ್ರೇಟ್ ಮಿಶ್ರಣ. ಸುಮಾರು 565 ಡಿಗ್ರಿ ಸೆಲ್ಸಿಯಸ್‌ವರೆಗೂ ಕೆಡುವುದಿಲ್ಲ, ಆವಿಯಾಗುವುದಿಲ್ಲ. ಹಾಗಾಗಿ ಹೆಚ್ಚಿನ ಒತ್ತಡ ತಡೆಯುವ ಟ್ಯಾಂಕ್ ಬೇಕಿಲ್ಲ. ಆದರೆ ಸುಮಾರು 240 ಡಿಗ್ರಿಗಿಂತ ತಣ್ಣಗಾದರೆ ಪೈಪಿನಲ್ಲೇ ಗಟ್ಟಿಯಾಗತೊಡಗುತ್ತದೆ. ಸದಾ ಬಿಸಿಯಾಗಿಡಬೇಕು.

ಒಂದು ಮಾತು ಮರೆಯಬೇಡಿ: ಶಾಖ ಕೊಟ್ಟು ಮತ್ತೆ ಪಡೆಯುವಾಗ ಸ್ವಲ್ಪ ನಷ್ಟ ಆಗೇ ಆಗುತ್ತದೆ. ಉರಿಯುವುದೂ ಕಲ್ಲಿದ್ದಲೇ, ಹೊಗೆ ತಾನಾಗಿ ಕಡಿಮೆಯಾಗದು. ಸೋಲಾರ್‌ಗೆ ಜಾಸ್ತಿ ಜಾಗ ಬಿಟ್ಟುಕೊಟ್ಟಾಗಲೇ ನಿಜವಾದ ಲಾಭ.