ಪಿಎಚ್‌.ಡಿ. ಮಾಡುತ್ತಾ ವಿದೇಶದ ಆರ್ಕೈವ್‌ಗೆ ಹೋಗಿಬರಲು ಹಣ ಹೊಂದಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಪಿಎಚ್‌.ಡಿ. ಎರಡನೇ ವರ್ಷ. ವಿಷಯ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ) ಶಾಲೆಗಳ ಕನ್ನಡ ಪಠ್ಯಪುಸ್ತಕಗಳು. ಗೈಡ್ ‘ಬಾಸೆಲ್‌ಗೆ ಹೋಗದೆ ಇದು ಮುಗಿಯಲ್ಲ’ ಅಂದಿದ್ದಾರೆ. ಕೈಯಲ್ಲಿ ಫೆಲೋಶಿಪ್ ಬಿಟ್ಟರೆ ಬೇರೆ ದುಡ್ಡಿಲ್ಲ. ಯಾವ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಲಿ?

ನಾನೂ ಅದೇ ದಾರಿಯಲ್ಲಿ ಹೋಗಿಬಂದವನು. ನನ್ನ ವಿಷಯ ಮಂಗಳೂರಿನ ಹಂಚಿನ ಕಾರ್ಖಾನೆಗಳ ಕೆಲಸಗಾರರು. ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಅದರ ಲೆಕ್ಕಪತ್ರ ಸ್ವಿಟ್ಜರ್ಲೆಂಡಿಗೆ ಹೋಗಿದ್ದು ಎಲ್ಲ ಗೊತ್ತಿತ್ತು. ಅಲ್ಲಿಗೆ ನಾನು ಹೋಗುವುದು ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ. ಒಂದೂವರೆ ವರ್ಷ ‘ಪೂರ್ತಿ ಖರ್ಚು ಕೊಡುವ’ ಸ್ಕಾಲರ್‌ಶಿಪ್ ಹುಡುಕಿದೆ. ಅಂಥದ್ದು ಸಿಗಲಿಲ್ಲ. ಕೊನೆಗೆ ಮೂರ್ನಾಲ್ಕು ಕಡೆಯಿಂದ ಚೂರು ಚೂರು ಸೇರಿಸಿ ಹೋಗಿಬಂದೆ.

ನನ್ನ ಮೊದಲ ಅರ್ಜಿಯಲ್ಲಿ ಮೂರು ತಿಂಗಳು, ಆರು ಲಕ್ಷ ರೂಪಾಯಿ ಅಂತ ಬರೆದಿದ್ದೆ. ಅದನ್ನು ಓದಿದ ಒಬ್ಬ ಸೀನಿಯರ್ ಒಂದೇ ಪ್ರಶ್ನೆ ಕೇಳಿದರು: ‘ಮೊದಲ ದಿನ ಬೆಳಿಗ್ಗೆ ಯಾವ ಪೆಟ್ಟಿಗೆ ತೆಗೆಸ್ತೀಯಪ್ಪಾ?’ ಆರ್ಕೈವ್‌ನಲ್ಲಿ ಹಳೆಯ ಕಡತಗಳನ್ನು ಪೆಟ್ಟಿಗೆಗಳಲ್ಲಿ ಇಟ್ಟಿರುತ್ತಾರೆ, ಬೇಕಾದ್ದನ್ನು ಹೇಳಿ ತೆಗೆಸಬೇಕು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ತಿಂಗಳು ಅನ್ನುವುದು ಸುಮ್ನೆ ಬಾಯಿಗೆ ಬಂದ ಲೆಕ್ಕ. ಅರ್ಜಿ ಓದುವ ಸಮಿತಿಯವರಿಗೆ ಇದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಹಾಗಾಗಿ ಹಣ ಹುಡುಕುವ ಮುಂಚೆ ಪೆಟ್ಟಿಗೆಗಳ ಪಟ್ಟಿ ಮಾಡಿ. ಬಾಸೆಲ್ ಮಿಷನ್ ದಾಖಲೆಗಳು ಈಗ ಮಿಷನ್ 21 ಅನ್ನುವ ಸಂಸ್ಥೆಯ ಆರ್ಕೈವ್‌ನಲ್ಲಿವೆ. ಅದರ ಕ್ಯಾಟಲಾಗ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಹಳೆಯ ಫೋಟೋಗಳು ಮತ್ತು ನಕ್ಷೆಗಳನ್ನು ಮನೆಯಲ್ಲೇ ಕೂತು ನೋಡಬಹುದು. ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ಬಾಸೆಲ್ ಮಿಷನರಿ ಹೆರ್ಮನ್ ಗುಂಡರ್ಟ್ ಹೆಸರಲ್ಲಿ ಒಂದು ಡಿಜಿಟಲ್ ಸಂಗ್ರಹ ತೆರೆದಿದೆ. ಅಲ್ಲಿ ಮಲಯಾಳಂ ಪುಸ್ತಕಗಳ ಜೊತೆ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಪುಸ್ತಕಗಳೂ ಇವೆ. ನಿಮ್ಮದು ಪಠ್ಯಪುಸ್ತಕದ ವಿಷಯ ಅಲ್ವಾ? ಹಾಗಾದರೆ ಮೊದಲು ಅದನ್ನು ಜಾಲಾಡಿ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಆರ್ಕೈವ್‌ಗೂ ಒಮ್ಮೆ ಹೋಗಿಬನ್ನಿ. ಬಸ್ ಟಿಕೆಟ್‌ನಲ್ಲಿ ಮುಗಿಯುವ ಕೆಲಸಕ್ಕೆ ವಿಮಾನ ಯಾಕೆ?

ಇದನ್ನೆಲ್ಲ ಮಾಡಿದ ಮೇಲೆ, ಬಾಸೆಲ್‌ನಲ್ಲೇ ಕೂತು ನೋಡಬೇಕಾದ ಕಡತಗಳು ನನಗೆ ನಲವತ್ತರ ಹತ್ತಿರ ಉಳಿದವು. ದಿನಕ್ಕೆ ಎರಡು ಮೂರು ಅಂತ ಹಿಡಿದರೆ ಹದಿನಾರು ಕೆಲಸದ ದಿನ. ಮೂರು ತಿಂಗಳು ಹೋಗಿ ಇಪ್ಪತ್ತಮೂರು ದಿನ ಆಯಿತು. ಆರು ಲಕ್ಷ ಇಳಿದು ಎರಡು ಲಕ್ಷ ಚಿಲ್ಲರೆಗೆ ಬಂತು. ಅಷ್ಟನ್ನು ಹೊಂದಿಸುವುದು ಕಷ್ಟ, ಆದರೆ ಆಗದ ಮಾತಲ್ಲ.

ಆ ಪಟ್ಟಿಯನ್ನೇ ಆರ್ಕೈವ್‌ಗೆ ಇಮೇಲ್ ಮಾಡಿ. ‘ಈ ಕಡತಗಳನ್ನು ಈ ತಿಂಗಳಲ್ಲಿ ನೋಡಬಹುದೇ, ಒಂದು ಪತ್ರ ಕೊಡುತ್ತೀರಾ’ ಅಂತ ಕೇಳಿ. ನನಗೆ ಬಂದದ್ದು ಐದು ಸಾಲಿನ ಉತ್ತರ. ಆ ಐದು ಸಾಲಿನ ಪ್ರಿಂಟ್‌ಔಟ್ ನನ್ನ ಎಲ್ಲ ಅರ್ಜಿಗಳಲ್ಲೂ ಹೋಯಿತು, ವೀಸಾ ಫೈಲಿನಲ್ಲೂ ಹೋಯಿತು. ಗೈಡ್ ಬರೆದ ಎರಡು ಪುಟದ ಶಿಫಾರಸಿಗಿಂತ ಅದೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ. (ಗೈಡ್‌ಗೆ ಹೇಳಬೇಡಿ.)

ಇನ್ನು ಹಣದ ಮೂಲಗಳು. ನಿಮ್ಮದು ಇತಿಹಾಸ ವಿಭಾಗವಾದರೆ ಮೊದಲ ಬಾಗಿಲು ಐಸಿಎಚ್‌ಆರ್, ಅಂದರೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು. ಅವರ ವಿದೇಶ ಪ್ರಯಾಣ ಅನುದಾನಕ್ಕೆ ಅರ್ಜಿ ಹಾಕಿ. ಮುಖ್ಯ ಕಚೇರಿ ದೆಹಲಿಯಲ್ಲಿದ್ದರೂ ದಕ್ಷಿಣದ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ, ಹೋಗಿ ಮಾತಾಡಬಹುದು. ಶಿಕ್ಷಣಶಾಸ್ತ್ರ, ಸಮಾಜಶಾಸ್ತ್ರದ ಕಡೆಯವರಾದರೆ ಐಸಿಎಸ್‌ಎಸ್‌ಆರ್, ಅಂದರೆ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತು ನೋಡಿ. ವಿದೇಶದಲ್ಲಿ ಮಾಹಿತಿ ಸಂಗ್ರಹಿಸಲು ಅಂತಲೇ ಅವರು ನೆರವು ಕೊಟ್ಟಿದ್ದುಂಟು. ಇವು ದೊಡ್ಡ ಮೊತ್ತ ಅಲ್ಲ, ಆದರೆ ವಿಮಾನದ ಟಿಕೆಟ್ ಗೆದ್ದರೆ ಅರ್ಧ ಯುದ್ಧ ಗೆದ್ದಂತೆ.

ಖಾಸಗಿ ಕಡೆ ಇನ್‌ಲಾಕ್ಸ್ ಶಿವದಾಸಾನಿ ಫೌಂಡೇಶನ್‌ನ ಸಂಶೋಧನೆ ಮತ್ತು ಪ್ರಯಾಣ ಅನುದಾನವನ್ನು ತಪ್ಪದೆ ನೋಡಿ. ಭಾರತದ ವಿಶ್ವವಿದ್ಯಾಲಯಗಳಲ್ಲೇ ಪಿಎಚ್‌.ಡಿ. ಮಾಡುತ್ತಿರುವವರು ಸ್ವಲ್ಪ ಕಾಲಕ್ಕೆ ಹೊರಗೆ ಹೋಗಿಬರಲಿ ಅಂತ ಇರುವ ಯೋಜನೆ ಅದು, ಅಂದರೆ ನಮ್ಮಂಥವರಿಗೇ ಹೊಲಿಸಿದ ಅಂಗಿ. ಅದೇ ಕಾರಣಕ್ಕೆ ಸ್ಪರ್ಧೆಯೂ ಜಾಸ್ತಿ. ಜೆ.ಎನ್. ಟಾಟಾ ಎಂಡೋಮೆಂಟ್ ಹೆಸರು ಎಲ್ಲರೂ ಹೇಳುತ್ತಾರೆ. 1892ರಿಂದ ಇರುವ ದೊಡ್ಡ ಹೆಸರು, ನಿಜ. ಆದರೆ ಅವರು ಮುಖ್ಯವಾಗಿ ಕೊಡುವುದು ಸಾಲದ ಸ್ಕಾಲರ್‌ಶಿಪ್, ವಾಪಸ್ ಕಟ್ಟಬೇಕು. ಮೂರು ವಾರದ ಪ್ರವಾಸಕ್ಕೆ ಅದು ಹೊಂದುವುದಿಲ್ಲ. ಹಾಗೆಯೇ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಇವೆಲ್ಲ ವಿದೇಶದಲ್ಲಿ ಪದವಿ ಓದುವವರಿಗೆ. ಅಲ್ಲಿ ಅರ್ಜಿ ತುಂಬುತ್ತಾ ಸಮಯ ಕಳೆಯಬೇಡಿ.

ದೇಶ ನೋಡಿಕೊಂಡು ಹುಡುಕುವುದು ಇನ್ನೊಂದು ದಾರಿ. ನಿಮ್ಮ ಕೆಲಸದ ಒಂದು ಭಾಗ ಜರ್ಮನಿಯಲ್ಲೂ ಇರಬಹುದು. ಕಿಟೆಲ್ ಕೊನೆಗಾಲ ಕಳೆದದ್ದು ಟ್ಯೂಬಿಂಗನ್‌ನಲ್ಲಿ, ಮಿಷನರಿಗಳಲ್ಲಿ ಬಹಳ ಜನ ಆ ಸೀಮೆಯವರೇ. ಅದು ನಿಜವಾಗಿ ಬೇಕಿದ್ದರೆ ಡಿಎಎಡಿ ಅನ್ನುವ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯ ಕಿರು ಅವಧಿಯ ಸಂಶೋಧನಾ ಅನುದಾನಕ್ಕೆ ಹಾಕಿ. ಒಂದು ತಿಂಗಳಿಂದ ಆರು ತಿಂಗಳವರೆಗೆ ಕೊಡುತ್ತಾರೆ. ತಿಂಗಳ ಖರ್ಚು, ಪ್ರಯಾಣ ಭತ್ಯೆ, ಆರೋಗ್ಯ ವಿಮೆ ಎಲ್ಲ ಸೇರಿರುತ್ತದೆ. ಅಲ್ಲಿನ ಒಬ್ಬ ಪ್ರಾಧ್ಯಾಪಕರ ಆಹ್ವಾನ ಬೇಕು. ಹೈಡೆಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆಯಂಥ ಕಡೆ ನಿಮ್ಮ ವಿಷಯ ಕೇಳಿದರೆ ಕಿವಿ ನಿಮಿರುವವರು ಸಿಗುತ್ತಾರೆ. ಜರ್ಮನಿಯಲ್ಲಿ ಇದ್ದುಕೊಂಡು ಬಾಸೆಲ್‌ಗೆ ರೈಲಿನಲ್ಲಿ ಹೋಗಿಬರಬಹುದು, ಅದು ಗಡಿಯಲ್ಲೇ ಇರುವ ಊರು. ಲಂಡನ್‌ಗೆ ಹೋಗಬೇಕಾದವರಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಇದೆ. ಶಾ ವ್ಯಾಲೇಸ್ ಕಂಪನಿಯ ವ್ಯಾಲೇಸ್ ಬಿಟ್ಟುಹೋದ ಹಣದಿಂದ ನಡೆಯುವ ಟ್ರಸ್ಟ್ ಅದು, ಕಲೆ ಮತ್ತು ಮಾನವಿಕ ವಿಷಯದವರು ಕೆಲವು ವಾರ ಬ್ರಿಟನ್‌ಗೆ ಹೋಗಿಬರಲು ನೆರವು ಕೊಡುತ್ತದೆ. ಅಮೆರಿಕವಾದರೆ ಫುಲ್‌ಬ್ರೈಟ್–ನೆಹರು ಡಾಕ್ಟೋರಲ್ ಫೆಲೋಶಿಪ್. ಅದು ಆರರಿಂದ ಒಂಬತ್ತು ತಿಂಗಳು, ನಿಮಗೆ ಸಂಬಂಧವಿಲ್ಲ.

ಜನ ಮರೆಯುವ ದಾರಿ ಇನ್ನೊಂದಿದೆ. ಆರ್ಕೈವ್ ನೋಡಲು ಹಣ ಸಿಗದಿದ್ದರೂ ಸಮ್ಮೇಳನದಲ್ಲಿ ಪ್ರಬಂಧ ಓದಲು ಸಿಗುತ್ತದೆ. ಯುರೋಪಿನಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ದೊಡ್ಡ ಸಮ್ಮೇಳನ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2023ರಲ್ಲಿ ಟೂರಿನ್, 2025ರಲ್ಲಿ ಹೈಡೆಲ್‌ಬರ್ಗ್. ಅಂಥ ಒಂದಕ್ಕೆ ಪ್ರಬಂಧ ಒಪ್ಪಿಗೆಯಾದರೆ ಪ್ರಯಾಣ ಅನುದಾನ ಕೇಳಲು ಒಂದು ನೆಪ ಸಿಕ್ಕಿತು. ವಾಪಸ್ ಟಿಕೆಟ್ ಹದಿನೈದು ದಿನ ಮುಂದೆ ಹಾಕಿಸಿ. ಆ ಹದಿನೈದು ದಿನದ ಊಟ, ವಸತಿ ನಿಮ್ಮದು. ಹೀಗೆ ಮಾಡುವುದಾದರೆ ಅನುದಾನ ಕೊಡುವವರಿಂದ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ‘ಅಯ್ಯೋ ಅದಕ್ಕೇನಂತೆ’ ಅಂತ ಫೋನಿನಲ್ಲಿ ಹೇಳಿದವರು ಬಿಲ್ ಪಾಸ್ ಮಾಡುವ ಹೊತ್ತಿಗೆ ಆ ಕುರ್ಚಿಯಲ್ಲಿ ಇರುವುದಿಲ್ಲ.

ಬಿಲ್ ಅಂದದ್ದಕ್ಕೆ ನನ್ನ ಕಥೆ ಹೇಳಬೇಕು. ನನಗೆ ಟಿಕೆಟ್ ಹಣ ಕೊಟ್ಟದ್ದು ಒಂದು ಸರ್ಕಾರಿ ಅನುದಾನ. ಪತ್ರ ಬಂದ ದಿನ ಮನೆಯಲ್ಲಿ ಪಾಯಸ. ಆಮೇಲೆ ಪತ್ರ ಸರಿಯಾಗಿ ಓದಿದೆ. ಹಣ ಕೊಡುವುದು ಹೋಗಿಬಂದ ಮೇಲೆ! ಮೊದಲು ನಾನು ಖರ್ಚು ಮಾಡಬೇಕು, ಆಮೇಲೆ ಬಿಲ್ ಸಲ್ಲಿಸಬೇಕು. ಸ್ಟೈಪೆಂಡ್ ಬೇರೆ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಅಮ್ಮ ಏನೂ ಮಾತಾಡದೆ ಕೊರಳಿನ ಎರಡೆಳೆ ಸರ ತೆಗೆದು ಟೇಬಲ್ ಮೇಲಿಟ್ಟರು. ಮಾರನೇ ದಿನ ನಮ್ಮೂರ ಸೊಸೈಟಿಯಲ್ಲಿ ಅದನ್ನು ಅಡ ಇಟ್ಟೆ. ಗುಮಾಸ್ತರು ಸರವನ್ನು ತೂಗುತ್ತಾ ‘ಯಾರಿಗಾದರೂ ಹುಷಾರಿಲ್ವಾ?’ ಅಂತ ಕೇಳಿದರು. ಹಳೇ ಕಾಗದ ಓದಲು ಸ್ವಿಟ್ಜರ್ಲೆಂಡಿಗೆ ಹೋಗುತ್ತಿದ್ದೇನೆ ಅಂದೆ. ಅವರು ನನ್ನನ್ನೂ ಒಂದು ಸಲ ತೂಗಿದ ಹಾಗೆ ನೋಡಿದರು.

ಆ ಹಣದಲ್ಲಿ, ಬುದ್ಧಿವಂತಿಕೆ ಮಾಡಿದೆ ಅಂದುಕೊಂಡು, ಒಂದು ವೆಬ್‌ಸೈಟಿನಲ್ಲಿ ಅಗ್ಗದ ಟಿಕೆಟ್ ಹಿಡಿದೆ. ವಾಪಸ್ ಬಂದು ಬಿಲ್ ಕೊಟ್ಟಾಗ ತಕರಾರು. ಕೇಂದ್ರ ಸರ್ಕಾರದ ಖರ್ಚಿನ ವಿಮಾನ ಟಿಕೆಟ್ ಅಂದರೆ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರು ಏಜೆನ್ಸಿಗಳಲ್ಲಿ ಒಂದರಿಂದ ತೆಗೆಯಬೇಕು ಅನ್ನುವ ನಿಯಮ ಇದೆ. ನನ್ನ ಅನುದಾನಕ್ಕೂ ಅದು ಅನ್ವಯಿಸುತ್ತದೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸಾಲದ್ದಕ್ಕೆ ಬೋರ್ಡಿಂಗ್ ಪಾಸ್. ಪರ್ಸಿನಲ್ಲಿ ಮಡಚಿ ಇಟ್ಟಿದ್ದೆ. ಎರಡು ತಿಂಗಳಲ್ಲಿ ಅಕ್ಷರವೆಲ್ಲ ಮಾಸಿ, ಖಾಲಿ ಬಿಳಿ ಚೀಟಿ. ಅದನ್ನು ಕಿಟಕಿ ಬೆಳಕಿಗೆ ಹಿಡಿದು ‘ನೋಡಿ ಸರ್, ಇಲ್ಲಿ ಜ್ಯೂರಿಕ್ ಅಂತ ಕಾಣ್ತದೆ’ ಅಂತ ತೋರಿಸಿದ್ದು ನೆನಪಿದೆ. ಅವರಿಗೆ ಕಾಣಲಿಲ್ಲ. ಪತ್ರದ ಮೇಲೆ ಪತ್ರ ಬರೆದು, ಹನ್ನೊಂದು ತಿಂಗಳ ನಂತರ ಸ್ವಲ್ಪ ಕಡಿತ ಮಾಡಿ ಹಣ ಕೊಟ್ಟರು. ಅಷ್ಟರಲ್ಲಿ ಸೊಸೈಟಿಯ ಬಡ್ಡಿ ಸುಮಾರು ಬೆಳೆದಿತ್ತು. ನೀವು ಟಿಕೆಟ್ ತೆಗೆಯುವ ಮುಂಚೆ ಯಾರ ಹತ್ತಿರ ತೆಗೆಯಬೇಕು ಅಂತ ಇಮೇಲಿನಲ್ಲಿ ಕೇಳಿ. ಬೋರ್ಡಿಂಗ್ ಪಾಸ್ ಕೈಗೆ ಬಂದ ನಿಮಿಷವೇ ಫೋಟೋ ತೆಗೆಯಿರಿ.

ಉಳಿದ ಚೂರುಗಳು ಎಲ್ಲಿಂದ ಬಂದವು ಅಂತ ಕೇಳಿದರೆ, ಒಂದು ಸಣ್ಣ ಟ್ರಸ್ಟ್ ಮೂವತ್ತು ಸಾವಿರ ಕೊಟ್ಟಿತು. ಟ್ರಸ್ಟಿನವರಿಗೆ ನನ್ನ ವಿಷಯ ಹಿಡಿಸಿದ್ದು ಅವರ ಅಜ್ಜ ಹಂಚಿನ ವ್ಯಾಪಾರಿ ಆಗಿದ್ದರು ಅನ್ನುವ ಕಾರಣಕ್ಕೆ. ನಿಮಗೂ ಹೀಗೆ ಯಾರಾದರೂ ಇರುತ್ತಾರೆ. ಮಿಷನ್ ಶಾಲೆಯಲ್ಲಿ ಓದಿ ಈಗ ಚೆನ್ನಾಗಿರುವವರು ಕರಾವಳಿ, ಧಾರವಾಡದ ಕಡೆ ಕಡಿಮೆಯೇ? ಕೇಳುವುದಕ್ಕೆ ನಾಚಿಕೆ ಬೇಡ. ಒಂದೇ ಪುಟ ಬರೆಯಿರಿ, ಎಷ್ಟು ಬೇಕು, ಯಾಕೆ ಬೇಕು ಅಂತ ಅಂಕಿಯಲ್ಲಿ ಹೇಳಿ.

ಇನ್ನುಳಿದದ್ದು ಗಳಿಸಿದ್ದಲ್ಲ, ಉಳಿಸಿದ್ದು. ಬಾಸೆಲ್ ಸಿಕ್ಕಾಪಟ್ಟೆ ದುಬಾರಿ. ನಾನು ಮೊದಲ ಎರಡು ವಾರ ಉಳಿದದ್ದು ಗಡಿಯಾಚೆ ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ. ಬಾಸೆಲ್‌ನ 8ನೇ ನಂಬರ್ ಟ್ರಾಮ್ ಅಲ್ಲಿಯವರೆಗೂ ಬರುತ್ತದೆ. ಸಂಜೆ ಆ ಟ್ರಾಮಿನಲ್ಲಿ ಸ್ವಿಸ್‌ನವರೇ ದೊಡ್ಡ ದೊಡ್ಡ ಚೀಲ ಹಿಡಿದು ಜರ್ಮನಿಗೆ ದಿನಸಿ ತರಲು ಹೋಗುತ್ತಿರುತ್ತಾರೆ. ಅದನ್ನು ನೋಡಿದ ಮೇಲೆ ನನಗೆ ನನ್ನ ಬಡತನದ ಬಗ್ಗೆ ಬೇಜಾರಾಗಲಿಲ್ಲ. ಕೊನೆಯ ವಾರ ಒಂದು ಕನ್ನಡ ಕುಟುಂಬ ಮನೆಗೆ ಕರೆದುಕೊಂಡಿತು, ಬಿಸಿ ಅನ್ನ ಸಾರು ಸಿಕ್ಕಿತು. ಹೋಗುವ ತಿಂಗಳನ್ನೂ ನೋಡಿ ಆರಿಸಿ. ಫೆಬ್ರುವರಿ–ಮಾರ್ಚ್ ಹೊತ್ತಿಗೆ ಫಾಸ್ನಾಕ್ಟ್ ಅಂತ ಮೂರು ದಿನದ ಹಬ್ಬ, ಜೂನ್‌ನಲ್ಲಿ ಆರ್ಟ್ ಬಾಸೆಲ್ ಅನ್ನುವ ಕಲಾಸಂತೆ. ಆ ದಿನಗಳಲ್ಲಿ ರೂಮು ಸಿಗುವುದೂ ಕಷ್ಟ, ಸಿಕ್ಕರೂ ಕೈ ಸುಡುತ್ತದೆ.

ವೀಸಾದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಷೆಂಗೆನ್ ವೀಸಾ (ಸ್ವಿಟ್ಜರ್ಲೆಂಡ್, ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಶುಲ್ಕ 2024ರಿಂದ 90 ಯೂರೋ, ಜೊತೆಗೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಇರಲೇಬೇಕು. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಅನುದಾನದ ಪತ್ರ, ಆರ್ಕೈವ್ ಪತ್ರ, ವಿಶ್ವವಿದ್ಯಾಲಯದ ಅನುಮತಿ ಮೂರೂ ಇದ್ದರೆ ಬ್ಯಾಂಕ್ ಖಾತೆ ಬಡಕಲಾಗಿದ್ದರೂ ಧೈರ್ಯವಾಗಿ ಹೋಗಬಹುದು.

ಕೊನೆಯದಾಗಿ ಒಂದು ವಿಷಯ. ಇದು ಹಣದ ಮಾತಲ್ಲ ಅನ್ನಿಸಬಹುದು, ಆದರೆ ಹಣದ ಮಾತೇ. ನಿಮಗೆ ಜರ್ಮನ್ ಬರುತ್ತದೆಯೇ? ನಾನು ಎ2 ಮಟ್ಟ, ಅಂದರೆ ಭಾಷಾ ಕಲಿಕೆಯ ಎರಡನೇ ಹಂತ, ಮುಗಿಸಿ ಹೋಗಿದ್ದೆ, ಸಾಕು ಅಂದುಕೊಂಡಿದ್ದೆ. ಮೊದಲ ಪೆಟ್ಟಿಗೆ ಬಂತು, ದಾರ ಬಿಚ್ಚಿದೆ, 1870ರ ಸುಮಾರಿನ ವರದಿ. ಒಂದಕ್ಷರ ಓದಲಾಗಲಿಲ್ಲ. ಆಗಿನ ಜರ್ಮನರು ಬರೆಯುತ್ತಿದ್ದದ್ದು ಕುರೆಂಟ್ ಅನ್ನುವ ಹಳೆಯ ಕೈಬರಹದಲ್ಲಿ. ಅದರಲ್ಲಿ ‘ಇ’, ‘ಎನ್’, ‘ಎಂ’ ಎಲ್ಲ ಒಂದೇ ಥರದ ಗೀಟು. ಗರಗಸದ ಹಲ್ಲು ನೋಡಿದ ಹಾಗೆ. ಇಡೀ ದಿನ ಕೂತು ನಾನು ಗುರುತಿಸಿದ ಪದ ‘ಮಂಗಳೂರು’ ಒಂದೇ, ಅದೂ ಆ ಬರಹಗಾರ ಊರಿನ ಹೆಸರನ್ನು ಲ್ಯಾಟಿನ್ ಅಕ್ಷರದಲ್ಲಿ ಬರೆದಿದ್ದರಿಂದ. ಹದಿನಾರು ದಿನದಲ್ಲಿ ನಾಲ್ಕು ದಿನ ಅಕ್ಷರಾಭ್ಯಾಸಕ್ಕೇ ಹೋಯಿತು. ದಿನಕ್ಕೆ ಐದು ಸಾವಿರದ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು ಅಆಇಈ ಕಲಿತಂತಾಯಿತು. ಆಮೇಲೆ ಓದುವುದನ್ನೇ ಬಿಟ್ಟು, ಅನುಮತಿ ಕೇಳಿ ಎಲ್ಲದರ ಫೋಟೋ ತೆಗೆದುಕೊಂಡು ಬಂದೆ. ಊರಿಗೆ ಬಂದು ಎರಡು ವರ್ಷ ನಿಧಾನವಾಗಿ ಓದಿದೆ.

ಕುರೆಂಟ್ ಅಕ್ಷರಮಾಲೆ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇವತ್ತು ರಾತ್ರಿಯಿಂದಲೇ ದಿನಕ್ಕೆ ಅರ್ಧ ಗಂಟೆ ತಿದ್ದಿ. ಅರ್ಜಿಗಳ ಉತ್ತರ ಬರುವುದಕ್ಕೆ ಹೇಗೂ ಆರೆಂಟು ತಿಂಗಳು ಬೇಕು.