ಸ್ನೂಪಿ ತನ್ನ ಗೂಡಿನ ಮೇಲೆ ಕುಳಿತು ಯಾರೊಡನೆ ಕಾದಾಡುತ್ತದೆ?

ಚಾರ್ಲ್ಸ್ ಶುಲ್ಜ್ ಅವರ ‘ಪೀನಟ್ಸ್’ ಚಿತ್ರಸರಣಿಯ ಬೀಗಲ್ ನಾಯಿಯಾದ ಸ್ನೂಪಿ, 1965ರ ಅಕ್ಟೋಬರ್‌ನಿಂದ ತನ್ನನ್ನು ಮೊದಲ ಮಹಾಯುದ್ಧದ ವೈಮಾನಿಕನೆಂದು ಕಲ್ಪಿಸಿಕೊಳ್ಳತೊಡಗಿತು. ವೈಮಾನಿಕರ ಟೋಪಿ, ಕನ್ನಡಕ, ಕೊರಳವಸ್ತ್ರ ಧರಿಸಿ ಅದು ಗೂಡಿನ ಮಾಡನ್ನೇರಿದರೆ, ಆ ಗೂಡೇ ಬ್ರಿಟಿಷರ ‘ಸಾಪ್‌ವಿತ್ ಕ್ಯಾಮೆಲ್’ ಯುದ್ಧವಿಮಾನ. ಎದುರಾಳಿ ಮಾತ್ರ ಕಲ್ಪಿತನಲ್ಲ: 80 ವಿಮಾನಗಳನ್ನು ಉರುಳಿಸಿದ ಖ್ಯಾತಿಯ, ‘ರೆಡ್ ಬ್ಯಾರನ್’ ಎಂದೇ ಹೆಸರಾದ ಜರ್ಮನಿಯ ಮ್ಯಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫೆನ್.

ಸೊಗಸಿರುವುದು ಸೋಲಿನಲ್ಲಿ ಎಂದು ನನಗನಿಸುತ್ತದೆ. ಗೂಡಿನ ತುಂಬ ಗುಂಡಿನ ತೂತುಗಳು ಬಿದ್ದು, ಹೊಗೆಯೆದ್ದು, ವೀರನು ಶತ್ರುವನ್ನು ಶಪಿಸುತ್ತ ಫ್ರಾನ್ಸಿನ ಯಾವುದೋ ಕಲ್ಪಿತ ಹೋಟೆಲಿನಲ್ಲಿ ರೂಟ್ ಬಿಯರ್ ಎಂಬ ಸಿಹಿ ತಂಪು ಪಾನೀಯ ಕುಡಿದು ದುಃಖ ಮರೆಯುತ್ತಾನೆ. ಆದರೆ 1918ರ ಏಪ್ರಿಲ್ 21ರಂದು ನಿಜವಾದ ಬ್ಯಾರನ್ ಮಡಿದಾಗ, ಆ ಶ್ರೇಯವನ್ನು ಅಧಿಕೃತವಾಗಿ ನೀಡಿದ್ದು ಒಬ್ಬ ಕ್ಯಾಮೆಲ್ ಚಾಲಕನಿಗೇ. ನೆಲದಿಂದ ಹಾರಿದ ಗುಂಡೇ ಅವನನ್ನು ಕೊಂದಿರಬೇಕೆಂದು ಅನೇಕ ಇತಿಹಾಸಕಾರರು ಈಗ ಭಾವಿಸುತ್ತಾರೆ.