ಕೈಗಾ ಪಕ್ಕದಲ್ಲೇ ಇದ್ದರೂ ಕರೆಂಟು ಹೋಗುವುದೇಕೆ?

ಗೋವಾ ಗಡಿಗೆ ಹೊಂದಿಕೊಂಡ ನಮ್ಮ ಕಾರವಾರ ತಾಲ್ಲೂಕಿಗೆ ಹೊಸದಾಗಿ ಬಂದವರು ಮೊದಲ ಮಳೆಗಾಲದಲ್ಲೇ ಈ ಪ್ರಶ್ನೆ ಕೇಳುತ್ತಾರೆ. ಕೈಗಾ ಅಣುವಿದ್ಯುತ್ ಸ್ಥಾವರದ 220 ಮೆಗಾವಾಟಿನ ನಾಲ್ಕು ಘಟಕ, ಒಟ್ಟು 880 ಮೆಗಾವಾಟ್ ಸಾಮರ್ಥ್ಯ ಇಲ್ಲೇ ಇರುವಾಗ ಕದ್ರಾ, ಮಲ್ಲಾಪುರದ ಕಡೆ ಯಾಕೆ ಕತ್ತಲೆ?

ಕೈಗಾದ ಕರೆಂಟು ಪಕ್ಕದ ಹಳ್ಳಿಗೆ ನೇರವಾಗಿ ಇಳಿಯುವುದೇ ಇಲ್ಲ. ಅದು 400 ಕೆ.ವಿ. ಮಾರ್ಗಗಳಲ್ಲಿ ಘಟ್ಟ ಹತ್ತಿ ಧಾರವಾಡದ ನರೇಂದ್ರ, ದಾವಣಗೆರೆ ಕಡೆಯ ಗುತ್ತೂರಿನ ಸಬ್‌ಸ್ಟೇಷನ್‌ಗಳನ್ನು ಸೇರಿ, ಅಲ್ಲಿಂದ ದಕ್ಷಿಣದ ರಾಜ್ಯಗಳಿಗೆ ಹಂಚಿಹೋಗುತ್ತದೆ. ನಿಮ್ಮ ಮನೆಗೆ ಬರುವುದು ವಿದ್ಯುತ್ ಹಂಚುವ ಕಂಪನಿ ಹೆಸ್ಕಾಂನ 11 ಕೆ.ವಿ. ಫೀಡರ್ (ಸಬ್‌ಸ್ಟೇಷನ್ನಿನಿಂದ ಊರಿಗೆ ಬರುವ ತಂತಿಮಾರ್ಗ), ಆಮೇಲೆ ಟಿ.ಸಿ. (ಊರಿನ ಟ್ರಾನ್ಸ್‌ಫಾರ್ಮರ್). ಆ ಫೀಡರ್ ಕಾಡಿನೊಳಗೆ ಹಾದುಬರುತ್ತದೆ. ಗಾಳಿಗೆ ಕೊಂಬೆ ತಂತಿಗೆ ತಾಗಿದರೆ ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಬಿದ್ದು ಕರೆಂಟು ಕಡಿಯುತ್ತದೆ. ಸಿಡಿಲಿಗೆ ಪಿನ್ ಇನ್ಸುಲೇಟರ್ (ಕಂಬದ ಮೇಲೆ ತಂತಿ ಹಿಡಿದಿಡುವ ಬಿಲ್ಲೆ) ಕೂದಲೆಳೆಯಷ್ಟು ಸೀಳಿದ್ದರಂತೂ ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ. ಲೈನ್‌ಮನ್ ಲೈನ್ ಕ್ಲಿಯರ್ (ಕರೆಂಟು ತೆಗೆದಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ತೆಗೆದುಕೊಂಡು, ಫೀಡರನ್ನು ತುಂಡು ತುಂಡಾಗಿ ಬೇರ್ಪಡಿಸಿ, ಒಂದೊಂದೇ ತುಂಡಿಗೆ ಕರೆಂಟು ಬಿಟ್ಟು ನೋಡಬೇಕು. ಹಗಲಾದರೆ ಒಂದೆರಡು ತಾಸಿನ ಕೆಲಸ. ರಾತ್ರಿ ಮಳೆಯಲ್ಲಾದರೆ ಬೆಳಗಿನವರೆಗೂ ಎಳೆಯುತ್ತದೆ.

ಇನ್ನು ಕೈಗಾದ ಪಾಲಿನ ಕೆಲಸ ಏನು? ಹಗಲು ರಾತ್ರಿ ಒಂದೇ ಮಟ್ಟದಲ್ಲಿ ಓಡುತ್ತಿರುವುದು. ಸಂಜೆ ಬೇಡಿಕೆ ಏರಿತೆಂದು ಥಟ್ಟನೆ ಏರಿಸಿ, ನಡುರಾತ್ರಿ ಇಳಿಸುವ ಯಂತ್ರವಲ್ಲ ಅದು. ರಿಯಾಕ್ಟರ್ ಟ್ರಿಪ್ ಆದರೆ, ಅಂದರೆ ಥಟ್ಟನೆ ನಿಂತರೆ, ಒಳಗೆ ಕ್ಸೆನಾನ್ ಎಂಬ ಅನಿಲ, ರಿಯಾಕ್ಟರ್ ಓಡಲು ಬೇಕಾದ ನ್ಯೂಟ್ರಾನ್ ಕಣಗಳನ್ನೇ ನುಂಗುವಂಥದ್ದು, ಹೆಚ್ಚುತ್ತಾ ಹೋಗುತ್ತದೆ. ಸುಮಾರು ಅರ್ಧ ಗಂಟೆಯೊಳಗೆ ಮತ್ತೆ ಏರಿಸದಿದ್ದರೆ ಆ ಅನಿಲ ತಾನಾಗಿ ಕಡಿಮೆಯಾಗುವವರೆಗೆ, ಅಂದರೆ ಒಂದೂವರೆ ದಿನದಷ್ಟು, ಸುಮ್ಮನೆ ಕಾಯಬೇಕು. ಬೇಡಿಕೆಯ ಏರಿಳಿತ ನಿಭಾಯಿಸುವುದು ಕೈಗಾ ಇರುವ ಕಾಳಿ ನದಿಯ ಮೇಲ್ಭಾಗದ ನಾಗಝರಿ ಜಲವಿದ್ಯುತ್ ಕೇಂದ್ರ. ಅಲ್ಲಿ ನೀರಿನ ಗೇಟು ತೆರೆದರೆ ಕೆಲವೇ ನಿಮಿಷದಲ್ಲಿ ಕರೆಂಟು.

ಹೀಗೆ ಬಿಡದೆ ಓಡಲು ಸಾಧ್ಯವಾಗುವುದು ಇಂಧನ ತುಂಬುವ ರೀತಿಯಿಂದ. ಪ್ರತಿ ರಿಯಾಕ್ಟರಿನಲ್ಲಿ ಅಡ್ಡಲಾಗಿ ಮಲಗಿಸಿದ 306 ಕೊಳವೆಗಳು, ಒಂದೊಂದರಲ್ಲಿ ಅರ್ಧ ಮೀಟರ್ ಉದ್ದದ 12 ಯುರೇನಿಯಂ ಕಟ್ಟುಗಳು. ಸ್ಥಾವರ ನಿಲ್ಲಿಸದೆಯೇ ಎರಡೂ ತುದಿಗೆ ಯಂತ್ರ ಕಚ್ಚಿಸಿ, ಒಂದು ಕಡೆಯಿಂದ ಹೊಸ ಕಟ್ಟು ದೂಡಿದರೆ ಇನ್ನೊಂದು ಕಡೆ ಹಳೆಯದು ಹೊರಬರುತ್ತದೆ. 1ನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿತು. ಆಗ ಅದು ವಿಶ್ವದಾಖಲೆ. (1994ರಲ್ಲಿ ಕಟ್ಟುತ್ತಿದ್ದಾಗಲೇ ರಿಯಾಕ್ಟರ್ ಕಟ್ಟಡದ ಗುಮ್ಮಟದ ಒಳಪದರ ಕಳಚಿ ಬಿದ್ದದ್ದೂ ಇದೇ 1ನೇ ಘಟಕದ್ದು. ವಿನ್ಯಾಸ ಬದಲಿಸಬೇಕಾಗಿ ಬಂತು, 2ನೇ ಘಟಕವೇ 2000ದ ಮಾರ್ಚ್‌ನಲ್ಲಿ ಮೊದಲು ಶುರುವಾಯಿತು.)

ಹೊರಗಿನವರಿಗೆ ಗೊತ್ತಿರದ ಇನ್ನೊಂದು ಸಂಗತಿ: ಕರೆಂಟು ತಯಾರಿಸುವ ಈ ಕೇಂದ್ರಕ್ಕೂ ಹೊರಗಿನ ಕರೆಂಟು ಬೇಕು. ಟ್ರಿಪ್ ಆದ ಮೇಲೂ ಇಂಧನ ಬಿಸಿಯಾಗುತ್ತಲೇ ಇರುವುದರಿಂದ ತಂಪುಮಾಡುವ ಪಂಪುಗಳು ನಿಲ್ಲುವಂತಿಲ್ಲ. ಅದಕ್ಕಾಗಿ ಕದ್ರಾ, ಕೊಡಸಳ್ಳಿ ಜಲವಿದ್ಯುತ್ ಕೇಂದ್ರಗಳ ಜೊತೆ 220 ಕೆ.ವಿ. ಸಂಪರ್ಕ ಇದೆ, ಅದೂ ಹೋದರೆ ಡೀಸೆಲ್ ಜನರೇಟರ್. ನೀರಿನ ಲೆಕ್ಕವೂ ಅಷ್ಟೇ. ಹುಟ್ಟುವ ಶಾಖದಲ್ಲಿ ಕರೆಂಟಾಗುವುದು ಮೂರನೇ ಒಂದು ಪಾಲಿಗಿಂತ ಕಡಿಮೆ. ಉಳಿದದ್ದನ್ನು ಹೊತ್ತೊಯ್ಯಲು ಕದ್ರಾ ಜಲಾಶಯದ ನೀರು ಬೇಕು, ಆದ್ದರಿಂದ ಬೇಸಿಗೆಯಲ್ಲೂ ಆ ಅಣೆಕಟ್ಟನ್ನು ಮನಬಂದಂತೆ ಬರಿದು ಮಾಡಲಾಗದು. ಮಳೆಗಾಲದಲ್ಲಿ ಅದೇ ಅಣೆಕಟ್ಟಿನ ಗೇಟು ಕೆಳಗಿನ ಊರುಗಳಿಗೆ ತಲೆನೋವು. 2019ರ ಆಗಸ್ಟಿನಲ್ಲಿ ನದಿದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ರಿಯಾಕ್ಟರಿಗಿಂತ ಗೇಟಿನ ಸುದ್ದಿಗೇ ಇಲ್ಲಿನ ಜನ ಹೆಚ್ಚು ಕಿವಿಗೊಡುತ್ತಾರೆ.

ಈ ಕಡೆ ಮನೆ ಬಾಡಿಗೆಗೆ ಹಿಡಿಯುವುದಾದರೆ ಅಣುಸ್ಥಾವರ ಎಷ್ಟು ದೂರ ಎಂದು ಮಾತ್ರ ವಿಚಾರಿಸಬೇಡಿ. ಫೀಡರ್ ಯಾವುದು, ಕಂಬಗಳು ರಸ್ತೆಬದಿ ಇವೆಯೋ ಕಾಡಿನೊಳಗೋ, ಹಿಂದಿನ ನೆರೆಯಲ್ಲಿ ನೀರು ಯಾವ ಮೆಟ್ಟಿಲವರೆಗೆ ಬಂದಿತ್ತು ಎಂದೂ ಕೇಳಿ. ಮನೆಯಲ್ಲಿ ಬಾವಿ ಪಂಪು ಇದ್ದರೆ ಇನ್ವರ್ಟರ್ ನಂಬಬೇಡಿ, ಹಗ್ಗ-ಕೊಡಪಾನ ಇಟ್ಟುಕೊಳ್ಳಿ.